ಕೆನ್ನೆಯಿಂದ ಅಂಗುಳಕ್ಕೆ

ಬಾಯಿಯ ಮೇಲ್ಭಾಗಕ್ಕೆ ಕನ್ನಡದಲ್ಲಿ ಅಂಗುಳ ಎನ್ನುತ್ತಾರೆ, ನಮ್ಮ ಮನೆಯ ಉರ್ದುವಿನಲ್ಲಿ ತಾಲೂ. ಕಳೆದ ವರ್ಷ ನಮ್ಮ ಖಾಲಾ ಅವರ ತಾಲೂವಿನಲ್ಲಿ ಗಂಟು ಇದೆ ಎಂದು ಗೊತ್ತಾದ ಮೇಲೆ ಮನೆಯಲ್ಲಿ ದಿನವೂ ಅದೇ ಮಾತು.

ಖಾಲಾ ಎಂದರೆ ಅಮ್ಮಿಯ ಅಕ್ಕ. ಓಣಿಯ ಮಕ್ಕಳಿಗೆ ಕುರ್‌ಆನ್ ಓದಲು ಕಲಿಸುತ್ತಾರೆ. ಗಂಟು ನೋಯುತ್ತಿರಲಿಲ್ಲವಾದ್ದರಿಂದ ಎರಡು ವರ್ಷ ಯಾರಿಗೂ ಹೇಳಿರಲಿಲ್ಲ. ಅಡಿಕೆಯಷ್ಟಾಗಿ, ರೊಟ್ಟಿ ತಿನ್ನುವಾಗ ತಾಗತೊಡಗಿದ ಮೇಲೆಯೇ ಡೆಂಟಲ್ ಕಾಲೇಜಿನ ಆಸ್ಪತ್ರೆಗೆ ಹೋದದ್ದು. ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಪ್ಲಿಯೊಮಾರ್ಫಿಕ್ ಅಡಿನೋಮಾ ಎಂದು ವರದಿ ಬಂತು. ಅಂಗುಳದಲ್ಲಿರುವ ಸಣ್ಣ ಸಣ್ಣ ಜೊಲ್ಲುಗ್ರಂಥಿಗಳಲ್ಲಿ ಹುಟ್ಟುವ ಗಡ್ಡೆ ಇದು. ಕ್ಯಾನ್ಸರ್ ಅಲ್ಲ, ಆದರೆ ವರ್ಷಗಟ್ಟಲೆ ಬಿಟ್ಟರೆ ಕ್ಯಾನ್ಸರ್ ಆಗುವುದೂ ಉಂಟು. ಚೂರು ಉಳಿದರೂ ಮತ್ತೆ ಬೆಳೆಯಬಹುದು. ಹಾಗಾಗಿ ಸುತ್ತಲಿನ ಒಳ್ಳೆಯ ಭಾಗವನ್ನೂ, ಸ್ವಲ್ಪ ಮೂಳೆಯನ್ನೂ ಸೇರಿಸಿ ತೆಗೆಯಬೇಕು ಎಂದರು.

ಅಂಗುಳ ಬಾಯಿಗೆ ಚಾವಣಿ, ಮೂಗಿಗೆ ನೆಲ. ಅಲ್ಲಿ ತೂತಾದರೆ ಕುಡಿದ ನೀರು ಮೂಗಿನಲ್ಲಿ ಬರುತ್ತದೆ, ಮಾತೂ ಮೂಗಿನಲ್ಲೇ ಹೊರಡುತ್ತದೆ. ಖಾಲಾ ಹೆದರಿದ್ದು ಎರಡನೆಯದಕ್ಕೆ. ಅವರು ಮಕ್ಕಳಿಗೆ ಮೊದಲು ಕಲಿಸುವುದೇ ಮಖ್ರಜ್, ಅಂದರೆ ಯಾವ ಅಕ್ಷರ ಬಾಯಿಯ ಯಾವ ಜಾಗದಿಂದ ಹೊರಡಬೇಕು ಎಂಬುದು. ಜೀಮ್, ಶೀನ್‌ಗೆ ನಾಲಗೆಯ ನಡುಭಾಗ ಅಂಗುಳದ ಕಡೆಗೆ ಏಳಬೇಕು. ಎರಡು ಚುಕ್ಕೆಯ ಕಾಫ್‌ಗೆ ನಾಲಗೆಯ ಬುಡ ಹಿಂದಿನ ಮೆತ್ತನೆಯ ಅಂಗುಳವನ್ನು ಮುಟ್ಟಬೇಕು. (ನಮ್ಮ ಕಡೆಯ ಉರ್ದುವಿನಲ್ಲಿ ಅದನ್ನು 'ಖ' ಎಂದುಬಿಡುತ್ತೇವೆ, ಆ ಅಕ್ಷರಕ್ಕೆ ನಾವೆಲ್ಲ ಬೈಸಿಕೊಂಡವರೇ.) "ತಾಲೂನೇ ಇಲ್ಲದೆ ಮಕ್ಕಳಿಗೆ ಏನು ಕಲಿಸಲಿ?" ಎಂದು ಅಮ್ಮಿಯ ಹತ್ತಿರ ಅತ್ತರು.

ಹಲ್ಲುಸೆಟ್ಟಿನಂಥ ತಟ್ಟೆ ಕೂರಿಸಿ ತೂತು ಮುಚ್ಚಬಹುದಂತೆ, ದಿನವೂ ತೆಗೆದು ತೊಳೆಯಬೇಕು. ಡಾಕ್ಟರ್ ಮೇಡಂ ಇನ್ನೊಂದು ದಾರಿ ಹೇಳಿದರು: "ಅಮ್ಮಾ, ನಿಮ್ಮ ಕೆನ್ನೆಯ ಕೊಬ್ಬಿನಿಂದಲೇ ಮುಚ್ಚುತ್ತೇವೆ."

ನಮ್ಮೆಲ್ಲರ ಕೆನ್ನೆಯೊಳಗೂ ಕೊಬ್ಬಿನ ಉಂಡೆಯಿದೆ. ತೆಳ್ಳಗಿರುವವರಿಗೂ ಇರುತ್ತದೆ, ಒಂದೊಂದು ಬದಿಗೆ ಸುಮಾರು 10 ಮಿಲಿಲೀಟರ್. 1732ರಲ್ಲಿ ಜರ್ಮನಿಯ ಹೈಸ್ಟರ್ ಅದನ್ನು ಗ್ರಂಥಿ ಎಂದುಕೊಂಡಿದ್ದ. ಕೊಬ್ಬು ಎಂದು 1802ರಲ್ಲಿ ಹೇಳಿದವನು ಫ್ರಾನ್ಸಿನ ಬಿಷಾ. ಬಾಯಿಯ ತೂತು ಮುಚ್ಚಲು ಅದನ್ನು ಬಳಸಬಹುದೆಂದು ಎಜೆಡಿ ಎಂಬ ಶಸ್ತ್ರವೈದ್ಯರು ಬರೆದದ್ದು 1977ರಲ್ಲಿ.

ಮೇಲಿನ ದವಡೆ ಹಲ್ಲಿನ ಹಿಂದೆ, ಬಾಯಿಯ ಒಳಗಿನಿಂದಲೇ ಸಣ್ಣದಾಗಿ ಕೊಯ್ದು ಕೊಬ್ಬನ್ನು ಮೆಲ್ಲಗೆ ಎಳೆದು, ತೂತಿನ ಮೇಲೆ ಹರಡಿ ಹೊಲಿಯುತ್ತಾರೆ. ಬುಡವನ್ನು ಕತ್ತರಿಸುವುದಿಲ್ಲ. ರಕ್ತನಾಳಗಳು ಅಲ್ಲಿಂದಲೇ ಬರುವುದರಿಂದ ಅದು ಬದುಕುತ್ತದೆ. ಮುಖದ ಮೇಲೆ ಗಾಯವಿಲ್ಲ. ತೂತು ತೀರಾ ದೊಡ್ಡದಾದರೆ ಮಾತ್ರ ಇದು ಸಾಲದು. ಕಾಮರ್ಸ್ ಓದುವ ನನಗೆ ನೆನಪಾದದ್ದು ಕಾಂಟ್ರಾ ಎಂಟ್ರಿ: ಹೊರಗಿನಿಂದ ಏನೂ ಬರಲಿಲ್ಲ, ಒಂದು ಖಾತೆಯಿಂದ ಇನ್ನೊಂದಕ್ಕೆ ಹೋಯಿತು, ಅಷ್ಟೆ.

ಆಪರೇಷನ್ ಆದ ಮೇಲೆ ಗಂಜಿ, ಸೂಪು. ಸ್ಟ್ರಾ ಹಾಕಿ ಹೀರುವಂತಿಲ್ಲ, ಮೂಗು ಸೀಟುವಂತಿಲ್ಲ. ಬಾಯಿ ಪೂರ್ತಿ ತೆರೆಯಲೂ ಆಗುತ್ತಿರಲಿಲ್ಲ. ನಾನು ಮೊಬೈಲ್ ಟಾರ್ಚ್ ಹಿಡಿದು ನೋಡುತ್ತಿದ್ದೆ. ಮೊದಲು ಹಳದಿ, ಆಮೇಲೆ ಕೆಂಪು, ಆರನೇ ವಾರಕ್ಕೆ ಉಳಿದ ಅಂಗುಳದಂತೆಯೇ ಗುಲಾಬಿ ಬಣ್ಣ. ಕೊಬ್ಬಿನ ಮೇಲೆ ಬಾಯಿಯ ಪೊರೆ ತಾನೇ ಬೆಳೆದುಕೊಂಡಿತ್ತು!

ಈಗ ಅಸರ್ ನಮಾಜಿನ ನಂತರ ಮಕ್ಕಳು ಮತ್ತೆ ಬರುತ್ತಿದ್ದಾರೆ. ಜೀಮ್ ಮೊದಲಿನಂತಿಲ್ಲ ಎಂದು ಖಾಲಾ ಹೇಳುತ್ತಾರೆ, ನಮಗ್ಯಾರಿಗೂ ವ್ಯತ್ಯಾಸ ಕೇಳಿಸುವುದಿಲ್ಲ. ಮುಂದಿನ ತಪಾಸಣೆ ರಜೆಯಲ್ಲಿದೆ. ಜೊತೆಗೆ ಹೋಗುವವನು ನಾನೇ.