ಮೂರು ಮೆಟ್ಟಿಲು, ಎರಡು ಮೀಟರು

ಟೊರಾಂಟೊ ನಗರ, ಅದರ ಮಗ್ಗುಲಲ್ಲೇ ಮಿಸ್ಸಿಸಾಗಾ, ಬ್ರಾಂಪ್ಟನ್‌ಗಳಿರುವ ಪೀಲ್ ಪ್ರದೇಶ, ಇವೆರಡೂ ಕೋವಿಡ್ ನಿರ್ಬಂಧಗಳಿಂದ ಹೊರಬಂದದ್ದು ಒಂದೇ ಸಲಕ್ಕಲ್ಲ. 2020ರ ಬೇಸಿಗೆಯಲ್ಲಿ ತೆರೆದ ಅಂಗಡಿ ಬಾಗಿಲುಗಳು ಅದೇ ವರ್ಷದ ನವೆಂಬರ್ 23ಕ್ಕೆ ಮತ್ತೆ ಮುಚ್ಚಿದವು. 2021ರಲ್ಲಿ ಒಂಟಾರಿಯೊ ಸರ್ಕಾರ ಜೂನ್ 11, ಜೂನ್ 30 ಮತ್ತು ಜುಲೈ 16ರಂದು ಮೂರು ಮೆಟ್ಟಿಲುಗಳಲ್ಲಿ ಸಡಿಲಿಕೆ ಕೊಟ್ಟಿತು. ಬಯಲಲ್ಲಿ ಒಟ್ಟಿಗೆ ಸೇರಬಹುದಾದವರ ಸಂಖ್ಯೆ ಮೊದಲು 10, ಆಮೇಲೆ 25, ಕೊನೆಗೆ 100 ಆಯಿತು. ಲೆಕ್ಕವನ್ನು ಸರ್ಕಾರ ಹೇಳಿತು. ಆ ಲೆಕ್ಕದೊಳಗೆ ಹೇಗೆ ಬದುಕಬೇಕೆಂಬುದು ಜನರ ವಿವೇಕಕ್ಕೆ ಬಿಟ್ಟ ಮಾತಾಗಿತ್ತು.

ಅಂತರದ ಅಳತೆ ಎರಡು ಮೀಟರು. ಕೆನಡಾದವರಿಗೆ ಅರ್ಥವಾಗಲೆಂದು ಅದನ್ನು ಒಂದು ಹಾಕಿ ಸ್ಟಿಕ್ಕಿನ ಉದ್ದ ಎಂದು ಹೇಳಲಾಗುತ್ತಿತ್ತು. ಆದರೆ ಆರು ತಿಂಗಳ ಚಳಿ ಕಂಡವರಿಗೆ ಬಿಸಿಲು ಬಂದರೆ ಅಳತೆ ನೆನಪಿರುವುದಿಲ್ಲ. 2020ರ ಮೇ 23ರ ಶನಿವಾರ ಟೊರಾಂಟೊದ ಟ್ರಿನಿಟಿ ಬೆಲ್‌ವುಡ್ಸ್ ಪಾರ್ಕಿನಲ್ಲಿ ಸಾವಿರಾರು ಜನ ಸೇರಿಬಿಟ್ಟರು. ಕೆಲವೇ ದಿನಗಳಲ್ಲಿ ನಗರಾಡಳಿತ ಅಲ್ಲಿನ ಹುಲ್ಲಿನ ಮೇಲೆ ಎಂಟು ಅಡಿ ಅಗಲದ ಬಿಳಿ ವೃತ್ತಗಳನ್ನು ಹತ್ತು ಅಡಿಗೊಂದರಂತೆ ಬರೆಸಿತು. ಊಟದ ಪಂಕ್ತಿಯಲ್ಲಿ ಎಲೆಯ ಸುತ್ತ ರಂಗೋಲಿ ಎಳೆದಂತಿದ್ದ ಆ ಗೆರೆಗಳೊಳಗೆ ಜನ ಗುಂಪುಗುಂಪಾಗಿ ಕೂತು ಬಿಸಿಲು ಕಾಯಿಸಿಕೊಂಡರು. ಬೈಗುಳಕ್ಕಿಂತ ಬಣ್ಣ ಚೆನ್ನಾಗಿ ಕೆಲಸ ಮಾಡಿತು.

ವಿವೇಕ ತಪ್ಪಿದ್ದು ಜನರಷ್ಟೇ ಅಲ್ಲ. 2021ರ ಏಪ್ರಿಲ್ 16ರಂದು ಸರ್ಕಾರ ಮಕ್ಕಳ ಆಟದ ಮೈದಾನಗಳನ್ನೂ ಮುಚ್ಚಿಸುವುದಾಗಿ ಹೇಳಿತು. ದಾರಿಹೋಕರನ್ನು ತಡೆದು ಮನೆಬಿಟ್ಟ ಕಾರಣ ಕೇಳುವ ಅಧಿಕಾರವನ್ನು ಪೊಲೀಸರಿಗೆ ಕೊಟ್ಟಿತು. ಸೋಂಕು ಮುಚ್ಚಿದ ಕೋಣೆಯಲ್ಲಿ ಹಬ್ಬುವಷ್ಟು ಬಯಲಲ್ಲಿ ಹಬ್ಬದು ಎಂದು ವೈದ್ಯರು, ಜಾರುಬಂಡೆಯ ತಪ್ಪೇನು ಎಂದು ತಾಯಂದಿರು ತಗಾದೆ ತೆಗೆದರು. ಅನೇಕ ಊರುಗಳ ಪೊಲೀಸರು ಹಾಗೆ ಸುಮ್ಮಸುಮ್ಮನೆ ತಡೆಯಲು ಒಪ್ಪಲಿಲ್ಲ. ಮರುದಿನವೇ ಮೈದಾನ ತೆರೆಯಿತು, ಪೊಲೀಸರ ಅಧಿಕಾರವೂ ಮೊಟಕಾಯಿತು.

ನಿಯಮದ ಸೂಕ್ಷ್ಮ ಎದ್ದು ಕಂಡದ್ದು ಕ್ಷೌರದಂಗಡಿಯಲ್ಲಿ. ಟೊರಾಂಟೊ, ಪೀಲ್‌ಗಳಲ್ಲಿ ಏಳು ತಿಂಗಳು ಕ್ಷೌರದಂಗಡಿಗೆ ಬೀಗ. ಅಷ್ಟೂ ದಿನ ಗಂಡನ ತಲೆ ಹೆಂಡತಿಯ ಕೈಯಲ್ಲಿ, ಮಕ್ಕಳ ತಲೆ ಅಪ್ಪನ ಟ್ರಿಮ್ಮರಿನಲ್ಲಿ. ಜೂನ್ 30ಕ್ಕೆ ಬಾಗಿಲು ತೆರೆದಾಗಲೂ ಮಾಸ್ಕ್ ತೆಗೆಯದೆ ಆಗುವ ಕೆಲಸಕ್ಕಷ್ಟೇ ಅನುಮತಿ: ತಲೆಗೂದಲು ಕತ್ತರಿಸಬಹುದು, ಗಡ್ಡ ಮುಟ್ಟುವಂತಿಲ್ಲ. ಗಡ್ಡದವರು ಇನ್ನೆರಡು ವಾರ ಕಾಯಬೇಕಾಯಿತು. ಹೋಟೆಲುಗಳದ್ದೂ ಇದೇ ಕಥೆ. ಮೊದಲ ಮೆಟ್ಟಿಲಲ್ಲಿ ಹೊರಗೆ ಹಾಕಿದ ಒಂದು ಮೇಜಿಗೆ ನಾಲ್ವರು. ಒಳಗೆ ಕೂತು ತಿನ್ನಲು ಜುಲೈ 16 ಬರಬೇಕಾಯಿತು. ರಸ್ತೆಯಂಚಿನ ಪಾರ್ಕಿಂಗ್ ಜಾಗದಲ್ಲೇ ಮೇಜು ಹಾಕಲು ಬಿಡುವ ‘ಕೆಫೆ ಟಿಒ’ ಯೋಜನೆ 2020ರಲ್ಲೇ ಶುರುವಾಗಿ ಹಲವು ಹೋಟೆಲುಗಳಿಗೆ ಆಸರೆಯಾಯಿತು.

ಕನ್ನಡಿಗರ ಮನೆಗಳಲ್ಲಿ ಸಡಿಲಿಕೆ ಮೊದಲು ಕಾಲಿಟ್ಟದ್ದು ಹಿತ್ತಲಿಗೆ. ಬಿಸಿಬೇಳೆಬಾತಿನ ದೊಡ್ಡ ಪಾತ್ರೆಗೆ ಎಲ್ಲರೂ ಒಂದೇ ಸೌಟು ಹಾಕುವುದು ಬೇಡವೆಂದು ಊಟ ಡಬ್ಬಿಗಳಲ್ಲಿ ಬಂತು. ಕೈಕುಲುಕುವ ಪೇಚು ನಮಸ್ಕಾರದವರಿಗೆ ಬರಲಿಲ್ಲ, ಚಪ್ಪಲಿ ಹೊರಗೆ ಬಿಡುವುದನ್ನು ಹೊಸದಾಗಿ ಕಲಿಯಬೇಕಿರಲಿಲ್ಲ. ‘ಊಟ ಆಯ್ತಾ?’ ಎಂಬ ಜಾಗದಲ್ಲಿ ‘ಎರಡೂ ಡೋಸ್ ಆಯ್ತಾ?’ ಎಂಬ ವಿಚಾರಣೆ ಬಂತು. ಮಾಸ್ಕ್ ತೆಗೆಯದ ನೆಂಟರನ್ನು ಹೆದರುಪುಕ್ಕಲರೆನ್ನದಿರುವುದು, ಕೆಮ್ಮಿದ್ದರೆ ತಾವಾಗಿಯೇ ‘ಇವತ್ತು ಬರಲ್ಲ’ ಎಂದು ಫೋನು ಮಾಡುವುದು, ಇವು ಯಾವ ಆದೇಶದಲ್ಲೂ ಇಲ್ಲದ ಮರ್ಯಾದೆಗಳು. ಭಾರತದಿಂದ ನೇರ ವಿಮಾನ ಮಾತ್ರ 2021ರ ಏಪ್ರಿಲ್ 22ರಿಂದ ಸೆಪ್ಟೆಂಬರ್ ಕೊನೆಯ ವಾರದವರೆಗೂ ಬಂದ್ ಆಗಿತ್ತು; ಊರಿನ ಅಜ್ಜ ಅಜ್ಜಿಯರ ಪಾಲಿಗೆ ಮೂರು ಮೆಟ್ಟಿಲೂ ಲೆಕ್ಕಕ್ಕೆ ಬರಲಿಲ್ಲ.

ಉಳಿದ ಕಟ್ಟುಗಳು ಬಿಚ್ಚಿದ್ದು ನಿಧಾನಕ್ಕೆ. 2021ರ ಸೆಪ್ಟೆಂಬರ್ 22ರಿಂದ ಹೋಟೆಲಿನೊಳಗೆ ಕೂರಲು ಲಸಿಕೆ ಪತ್ರ ಬೇಕಾಯಿತು. 2022ರ ಮಾರ್ಚ್ 1ಕ್ಕೆ ಅದು ತೆಗೆದುಹೋಯಿತು. ಮಾರ್ಚ್ 21ಕ್ಕೆ ಬಹುತೇಕ ಕಡೆ, ಜೂನ್ 11ಕ್ಕೆ ಬಸ್ಸು ರೈಲುಗಳಲ್ಲಿ ಮಾಸ್ಕ್ ಕಡ್ಡಾಯ ನಿಂತಿತು. ಅಲ್ಲಿಂದಾಚೆಗೆ ಮಾಸ್ಕ್ ಹಾಕುವುದೂ ಬಿಡುವುದೂ ಅವರವರ ವಿವೇಚನೆಗೆ ಸೇರಿದ್ದಾಯಿತು.