ಜೇಮ್ಸನ ಮೇಲಲ್ಲ, ಲೂಪಿನ್ನನ ಮೇಲೆ ನನ್ನ ಸಿಟ್ಟು!

ಹ್ಯಾರಿ ಪಾಟರ್ ಮಾಲೆಯ ಐದನೇ ಚಿತ್ರ, 2007ರದ್ದು, ನೋಡಿದ್ದೀರಲ್ಲ? ಮಾಟ ಕಲಿಸುವ ಶಾಲೆ. ಹ್ಯಾರಿಯ ಅಪ್ಪ ಜೇಮ್ಸ್ ಹುಡುಗನಾಗಿದ್ದಾಗ ಸ್ನೇಪ್ ಎಂಬ ಸಹಪಾಠಿಯನ್ನು ಮಂತ್ರ ಹಾಕಿ ತಲೆಕೆಳಗಾಗಿ ನೇತಾಡಿಸುತ್ತಾನೆ. ಸುತ್ತ ನಿಂತವರಿಗೆಲ್ಲ ಮಜಾ! ತೆರೆಯ ಮೇಲೆ ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದುಹೋಗುತ್ತೆ. 2003ರ ಕಾದಂಬರಿಯಲ್ಲಿ ಹಾಗಲ್ಲ. ಅಲ್ಲಿ ಜೇಮ್ಸನ ಗೆಳೆಯ ಲೂಪಿನ್ ಪಕ್ಕದಲ್ಲೇ ಕೂತಿದ್ದಾನೆ. ಅವನು ಪ್ರಿಫೆಕ್ಟು, ಅಂದ್ರೆ ನಮ್ಮ ಮಾನಿಟರ್ ಇದ್ದಂಗೆ. ತಡೆಯೋದು ಅವನ ಕೆಲಸ. ಪುಸ್ತಕ ನೋಡ್ತಾನೇ ಇದ್ದಾನೆ, ಆದರೆ ಕಣ್ಣು ಸಾಲಿನ ಮೇಲೆ ಓಡೋದೇ ಇಲ್ಲ! ಗದರಿದವಳು ಲಿಲಿ ಎಂಬ ಹುಡುಗಿ. ಲೂಪಿನ್ ಒಳ್ಳೆಯವನು ಸ್ವಾಮಿ, ಅದಕ್ಕೇ ನನಗೆ ಸಿಟ್ಟು.

ನಮ್ಮ ಪುಟ್ಟಣ್ಣನವರ ‘ನಾಗರಹಾವು’ (1972) ನೆನಪಿಸಿಕೊಳ್ಳಿ. ಅಲಮೇಲುವನ್ನು ಕಾಡುವ ಜಲೀಲ, ಅಂಬರೀಶ್. ಟಾಕೀಸಿನ ಶಿಳ್ಳೆಯೆಲ್ಲ ಅವನಿಗೇ! ಅಣ್ಣ ವರದನಿಗೇ ಎದುರು ನಿಲ್ಲುವ ಎದೆಯಿಲ್ಲ. ರಾಮಾಚಾರಿಯ ಹತ್ತಿರ ಓಡುತ್ತಾನೆ.

ಕಾಲೇಜು ಸೇರುವಾಗ ರ‍್ಯಾಗಿಂಗ್ ವಿರುದ್ಧ ಒಂದು ಮುಚ್ಚಳಿಕೆಗೆ ಸಹಿ ಹಾಕ್ತೀರಲ್ಲ, ಯುಜಿಸಿಯ 2009ರ ನಿಯಮದ್ದು, ಅದನ್ನ ಒಮ್ಮೆ ಓದಿ. ಮಾಡಿ ಮಾತ್ರವಲ್ಲ, ಮಾಡಬೇಕಾದ್ದನ್ನು ಮಾಡದೆಯೂ ಕುಮ್ಮಕ್ಕು ಕೊಡುವುದಿಲ್ಲ ಅಂತ ಅದರಲ್ಲಿದೆ.

ಎಲ್ಲದಕ್ಕೂ ರಾಮಾಚಾರಿಯೇ ಬರಬೇಕಾ? ಗೊರೇಬಾಳದಿಂದ ಸಿಂಧನೂರಿಗೆ ಹೋಗೋ ಬಸ್ಸಿನಲ್ಲಿ ಒಂದಿನ ಹಿಂದಿನ ಸೀಟಿನ ನಾಲ್ವರು ಹೊಸ ಹುಡುಗನೊಬ್ಬನ ಚೀಲ ಕಸಿದು ಕೈಯಿಂದ ಕೈಗೆ ಎಸೆದಾಡುತ್ತಿದ್ದರು. ಬಸ್ ತುಂಬ ಜನ, ಎಲ್ಲರೂ ಕಿಟಕಿ ಕಡೆ. ಒಬ್ಬ ಅಜ್ಜಿ ಮಾತ್ರ ತಿರುಗಿದಳು: ‘ಯಾಕಲೇ ತಮ್ಮಾ, ಅವನ ಚೀಲ ನಿನಗ್ಯಾಕ? ಕೊಡು ಮೊದ್ಲ!’

ಕೊಟ್ಟ. ಅಜ್ಜಿ ಎಲೆ‍ಅಡಿಕೆ ಸಂಚಿ ಬಿಚ್ಚಿದಳು.