ಉಳ್ಳಾಲದ ಸಂಬಂಧ ಮತ್ತು ಒಂದು ಸತ್ತ ನಕ್ಷತ್ರ

ನಮ್ಮ ಮನೆಯಲ್ಲಿ ಆಕಾಶ ನೋಡುವುದೆಂದರೆ ಪೆರ್ನಾಲ್‌ನ ಹಿಂದಿನ ಸಂಜೆ ಮಾತ್ರ. ಮಗ್ರಿಬ್ ಆದ ಕೂಡಲೇ ಪಶ್ಚಿಮಕ್ಕೆ ಕಣ್ಣು, ಆಮೇಲೆ ಖಾಝಿಯವರ ಘೋಷಣೆಗಾಗಿ ಮೊಬೈಲಿಗೆ ಕಣ್ಣು. ಮಡಗಾಂವ್‌ನಲ್ಲಿ ಅಂಗಡಿ ಇಟ್ಟು ಇಪ್ಪತ್ತೆರಡು ವರ್ಷವಾದರೂ ನಾವು ಕಾಯುವುದು ಮಂಗಳೂರಿನ ಫೋನಿಗೇ.

2023ರಲ್ಲಿ ಪೆರ್ನಾಲ್ ಕಳೆದು ಒಂದು ತಿಂಗಳಾಗಿತ್ತು. ಬಿಎಸ್ಸಿ ಮುಗಿಸಿದ್ದ ಮಗಳು ಊಟಕ್ಕೆ ಕೂತಾಗ, "ಬಾಪ, ಒಂದು ನಕ್ಷತ್ರ ಸತ್ತಿದೆ, ನೋಡಲಿಕ್ಕೆ ಹೋಗುವನಾ?" ಎಂದಳು. ಆ ವಾರ ಮನೆಯಲ್ಲಿ ಬೇರೆಯೇ ಮಾತು ನಡೆದಿತ್ತು. ಉಳ್ಳಾಲದಿಂದ ಅವಳಿಗೊಂದು ಸಂಬಂಧ ಬಂದಿತ್ತು, ಒಳ್ಳೆಯ ಮನೆ. ಅವಳಿಗೋ ಫಿಸಿಕ್ಸ್‌ನಲ್ಲಿ ಎಂಎಸ್ಸಿ ಮಾಡಬೇಕು. ಊರಿಂದ ನನ್ನ ಉಮ್ಮ, "ನಕ್ಷತ್ರ ಎಣಿಸಿದರೆ ಸಂಬಳ ಕೊಡುವವರು ಯಾರು?" ಎಂದು ಕೇಳಿದ್ದರು. ನಾನು ಎರಡೂ ಕಡೆಗೆ "ನೋಡುವ" ಎನ್ನುತ್ತಾ ದಿನ ದೂಡುತ್ತಿದ್ದೆ.

ಅವಳ ಗೆಳತಿಯ ಅಣ್ಣನ ಬಳಿ ಎಂಟಿಂಚಿನ ದೂರದರ್ಶಕ ಇತ್ತು. ಎಲ್ಲರೂ ಕಾಬೊ ದಿ ರಾಮ ಕೋಟೆಯ ಹೊರಗಿನ ಬಯಲಿಗೆ ಹೋಗಿ, ಎಳೆ ಚಂದ್ರ ಮುಳುಗುವ ತನಕ ಕಾದೆವು. ಸಪ್ತರ್ಷಿ ಮಂಡಲದ ಬಾಲದ ಹತ್ತಿರ ಎಂ101 ಎಂಬ ಗ್ಯಾಲಕ್ಸಿ, ಅದರ ತೋಳಿನಲ್ಲಿ ಈ ಸೂಪರ್‌ನೋವಾ. ನನಗೆ ಕಂಡದ್ದು ಒಂದು ಚುಕ್ಕೆ, ಅಷ್ಟೇ. ಇದಕ್ಕಾಗಿ ಅಂಗಡಿ ಬೇಗ ಮುಚ್ಚಿದೆನಾ ಅನಿಸಿತು. ಆ ಬೆಳಕು ಹೊರಟು ಎರಡು ಕೋಟಿ ವರ್ಷವಾಯಿತು ಎಂದಾಗ ಮತ್ತೊಮ್ಮೆ ಕಣ್ಣಿಟ್ಟೆ.

"ಇದು ಹೊಸತೆಂದು ಹೇಗೆ ಗೊತ್ತಾಯಿತು?" ಎಂದೆ. "ನೀವು ಸ್ಟಾಕ್ ನೋಡುವ ಹಾಗೆಯೇ ಬಾಪ. ಹಳೆಯ ಲೆಕ್ಕಕ್ಕೂ ಇವತ್ತಿನದಕ್ಕೂ ತಾಳೆ ಹಾಕುವುದು." ಅಮೆರಿಕದ ಪಾಲೋಮಾರ್ ಬೆಟ್ಟದಲ್ಲಿ ಒಂದು ದೂರದರ್ಶಕ ಎರಡು ಮೂರು ರಾತ್ರಿಗೊಮ್ಮೆ ಉತ್ತರದ ಆಕಾಶವನ್ನೆಲ್ಲ ಚಿತ್ರ ತೆಗೆಯುತ್ತದಂತೆ. ಹೊಸ ಚಿತ್ರದಿಂದ ಹಳೆಯದನ್ನು ಕಂಪ್ಯೂಟರ್ ಕಳೆಯುತ್ತದೆ, ಉಳಿದದ್ದೇ ಹೊಸತು. ಆದರೆ ಮೇ 19ರಂದು ಇದನ್ನು ಮೊದಲು ವರದಿ ಮಾಡಿದ್ದು ಜಪಾನಿನ ಹವ್ಯಾಸಿ ಕೊಯಿಚಿ ಇಟಗಾಕಿ. ಕಾಳಿನ ತಿಂಡಿ ಮಾಡುವ ಕುಟುಂಬದ ವ್ಯಾಪಾರಿ, ನೂರೈವತ್ತಕ್ಕೂ ಹೆಚ್ಚು ಸೂಪರ್‌ನೋವಾ ಹುಡುಕಿದ ಮನುಷ್ಯ. ಅದಕ್ಕೆ ಮುಂಚೆ ತೆಗೆದ ಕೆಲವರ ಚಿತ್ರಗಳಲ್ಲೂ ಅದು ಮಸುಕಾಗಿ ಇತ್ತಂತೆ, ಯಾರೂ ಗಮನಿಸಿರಲಿಲ್ಲ. ವ್ಯಾಪಾರಿ ಎಂದು ಕೇಳಿ ನನಗೆ ಸ್ವಲ್ಪ ಹೆಮ್ಮೆಯೇ ಆಯಿತು.

ಕಂಡರೆ ಸಾಲದು, ಯಾವ ಜಾತಿಯದೆಂದು ಸಾಕ್ಷಿ ಬೇಕು. ಹಿಲಾಲಿನ ವಿಷಯದಲ್ಲಿ ನಮಗೆ ಇದೇನೂ ಹೊಸತಲ್ಲ. ಇಲ್ಲಿ ಸಾಕ್ಷಿ ಹೇಳುವುದು ಬೆಳಕು. ಅದನ್ನು ಬಣ್ಣಬಣ್ಣವಾಗಿ ಬಿಡಿಸಿದರೆ ಹೈಡ್ರೋಜನ್ನಿನ ಗೆರೆಗಳು ಕಾಣುತ್ತವೆ. ಅಂದರೆ ಎರಡನೇ ವಿಧ, ಸೂರ್ಯನ ಎಂಟು ಪಟ್ಟಿಗಿಂತ ಭಾರದ ನಕ್ಷತ್ರ ಒಳಕ್ಕೆ ಕುಸಿದು ಸಿಡಿದದ್ದು. ಹೈಡ್ರೋಜನ್ ಇಲ್ಲದೆ ಸಿಲಿಕಾನ್ ಕಂಡರೆ ಅದು 1ಎ, ಶ್ವೇತಕುಬ್ಜದ ಸ್ಫೋಟ. ಇದರ ಜಾತಿ ಸಿಕ್ಕ ಕೆಲವೇ ಗಂಟೆಗಳಲ್ಲಿ ತೀರ್ಮಾನವಾಯಿತು. ಸಾಯುವ ಮುಂಚೆ ನಕ್ಷತ್ರ ತನ್ನ ಸುತ್ತ ಉಗುಳಿದ್ದ ಅನಿಲದ ಗೆರೆಗಳೂ ಅದರಲ್ಲಿದ್ದವು. ಹೆಸರು ಎಸ್‌ಎನ್ 2023ಐಎಕ್ಸ್‌ಎಫ್. ಎರಡು ಕೋಟಿ ವರ್ಷ ಕಾದು ಬಂದ ಬೆಳಕಿಗೆ ಗಾಡಿ ನಂಬರಿನಂಥ ಹೆಸರು!

ಉಮ್ಮನ ಸಂಬಳದ ಪ್ರಶ್ನೆಗೂ ಅವಳಲ್ಲಿ ಉತ್ತರ ಇತ್ತು. ಲಡಾಖಿನ ಹಾನ್ಲೆಯಲ್ಲಿ 4,500 ಮೀಟರ್ ಎತ್ತರದಲ್ಲಿರುವ ಎರಡು ಮೀಟರಿನ ಚಂದ್ರ ದೂರದರ್ಶಕವೂ ಇದನ್ನು ನೋಡುತ್ತದೆ. ಅದನ್ನು ಉಪಗ್ರಹದ ಮೂಲಕ ನಡೆಸುವವರು ಕೂತಿರುವುದು ಬೆಂಗಳೂರಿನ ಹತ್ತಿರದ ಹೊಸಕೋಟೆಯಲ್ಲಿ, ಭಾರತೀಯ ಖಭೌತ ಸಂಸ್ಥೆಯ ಕೇಂದ್ರದಲ್ಲಿ. "ಅವರಿಗೆಲ್ಲ ತಿಂಗಳ ಸಂಬಳ ಬಾಪ."

ಮರುದಿನ ಅವಳೇ ಉಮ್ಮನಿಗೆ ಫೋನ್ ಮಾಡಿದಳು. ಹೊಸಕೋಟೆಯ ಕಥೆ ಹೆಚ್ಚು ನಡೆಯಲಿಲ್ಲ. ಕೊನೆಗೆ ಈಜಿಪ್ಟಿನ ಅಲಿ ಇಬ್ನ್ ರಿದ್ವಾನ್ ಕಥೆ ಹೇಳಿದಳು. 1006ರಲ್ಲಿ ಇಂಥದ್ದೇ ಒಂದು ನಕ್ಷತ್ರ ಶುಕ್ರನಿಗಿಂತ ದೊಡ್ಡದಾಗಿ ಕಂಡಾಗ ಅವರಿಗೆ ಹದಿನೆಂಟರ ಆಸುಪಾಸು. ದೊಡ್ಡ ವೈದ್ಯರಾದ ಮೇಲೆ ಅದನ್ನು ಬರೆದಿಟ್ಟರು. ಆ ಬರಹವನ್ನು ಇಂದಿನ ವಿಜ್ಞಾನಿಗಳೂ ಬಳಸುತ್ತಾರೆ. ಉಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹುಡುಗ ರಾತ್ರಿ ಹೊರಗೆ ನಿಂತದ್ದಕ್ಕೆ ಅವನ ಉಮ್ಮ ಏನೂ ಹೇಳಲಿಲ್ಲವಾ?" ಎಂದರು.

ಜೂನ್‌ನಲ್ಲಿ ಮಳೆ ಹಿಡಿಯಿತು, ದೂರದರ್ಶಕ ಪೆಟ್ಟಿಗೆ ಸೇರಿತು. ಅಷ್ಟರಲ್ಲಿ ನಾನು ಎಂಎಸ್ಸಿ ಅರ್ಜಿಯ ದುಡ್ಡು ಕಟ್ಟಿದ್ದೆ. ಉಳ್ಳಾಲದವರಿಗೆ ಫೋನ್ ಮಾಡಲು ಮಾತ್ರ ಮತ್ತೆ ಮೂರು ದಿನ ತಡಮಾಡಿದೆ. ಅವರು ಎರಡೇ ಮಾತಾಡಿ ಫೋನ್ ಇಟ್ಟರು.